ಹೊನ್ನಾವರಕ್ಕೆ ಮೂರು ದಿನ: ಹೋಗಿ ಬಂದವರು ಸ್ವಲ್ಪ ಹೇಳಿ

ದಾವಣಗೆರೆಯಿಂದ ಕೇಳುತ್ತಿರುವವಳು:

ಡಿಸೆಂಬರ್ ಮಧ್ಯದಲ್ಲಿ ಮೂರು ದಿನ ರಜೆ ಹೊಂದಿಸಿದ್ದೇವೆ. ನಾನು, ನಮ್ಮನೆಯವರು, 10 ವರ್ಷದ ಮಗ, ಜೊತೆಗೆ ಅಮ್ಮ. ಅಮ್ಮನಿಗೆ 68, ಮಂಡಿ ನೋವು. ಗೋಕರ್ಣ, ಮುರ್ಡೇಶ್ವರ ಎರಡೂ ಆಗಿದೆ, ಆ ಗದ್ದಲ ಈ ಸಲ ಬೇಡ. ಹೊಳೆ ಹೋಗಿ ಸಮುದ್ರ ಸೇರೋದನ್ನು ಒಮ್ಮೆಯೂ ನೋಡಿಲ್ಲ ಅಂತ ಅಮ್ಮ ಹೇಳಿದ್ದೇ ನೆಪ, ಹೊನ್ನಾವರ ಅಂತ ನಿಶ್ಚಯ ಮಾಡಿದೆವು. ಸಾಗರ, ಜೋಗದ ಮೇಲೆ ಕಾರಲ್ಲಿ ಬರುತ್ತೇವೆ. ನಿಜಕ್ಕೂ ಶಾಂತವಾಗಿದೆಯಾ? ಮೂರು ದಿನಕ್ಕೆ ಸಾಕಾಗುವಷ್ಟು ಇದೆಯಾ, ಇಲ್ಲ ಎರಡನೇ ದಿನವೇ ಮಗ ಬೋರು ಅಂತ ಶುರು ಮಾಡ್ತಾನಾ? ಮೀನು ತಿನ್ನೋರು ನಮ್ಮಲ್ಲಿ ಒಬ್ಬರೇ.

ಹೊನ್ನಾವರದವಳು, ಈಗ ಪುಣೆಯಲ್ಲಿ:

ನಮ್ಮೂರ ಬಗ್ಗೆ ಯಾರಾದರೂ ಕೇಳಿದರೆ ಸಾಕು, ಆಫೀಸಿನ ಕೆಲಸ ಬಿಟ್ಟು ಬರೆಯುತ್ತೇನೆ, ಉದ್ದ ಆದರೆ ಬೈಕೋಬೇಡಿ.

ಮೊದಲು ಒಂದು ಮಾತು. ಹೊನ್ನಾವರ "ಸ್ಪಾಟ್" ನೋಡುವ ಊರಲ್ಲ. ಪಟ್ಟಿ ಹಿಡಿದು ಬಂದರೆ ಒಂದೂವರೆ ದಿನಕ್ಕೆ ಮುಗಿಯುತ್ತದೆ, ಆಮೇಲೆ ಹೆದ್ದಾರಿಯ ಧೂಳು ನೋಡುತ್ತಾ ಕೂರಬೇಕು. ಇಲ್ಲಿ ಎಲ್ಲ ನಡೆಯೋದು ಭರತ-ಇಳಿತದ ಲೆಕ್ಕದಲ್ಲಿ. ಉಬ್ಬರಕ್ಕೆ ನಮ್ಮ ಕಡೆ ಭರತ ಅಂತಾರೆ. ದಿನಕ್ಕೆ ಎರಡು ಸಲ ಸಮುದ್ರ ಹೊಳೆಯೊಳಗೆ ಬಂದು ಹೋಗುತ್ತದೆ, ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದೆ ಸರಿಯುತ್ತದೆ. ಇಳಿತದಲ್ಲಿ ಬಂದವರಿಗೆ ಕೆಸರು ಕಾಣುತ್ತದೆ, ಭರತದಲ್ಲಿ ಬಂದವರಿಗೆ ಸರೋವರ ಕಾಣುತ್ತದೆ, ಇಬ್ಬರೂ ಹೋಗಿದ್ದು ಒಂದೇ ಜಾಗಕ್ಕೆ ಅಂದರೆ ನಂಬಲಿಕ್ಕಿಲ್ಲ. ಹಾಗಾಗಿ ರೂಮ್ ಬುಕ್ ಮಾಡುವ ಮೊದಲು ಆ ದಿನಗಳ ಭರತದ ಹೊತ್ತು ನೋಡಿಟ್ಟುಕೊಳ್ಳಿ.

ಅಮ್ಮನಿಗೆ ಅಳಿವೆ ತೋರಿಸಬೇಕು ಅಂದಿರಲ್ಲ, ನಾವು ಹೊಳೆಬಾಯಿಗೆ ಹೇಳೋದು ಅಳಿವೆ ಅಂತಲೇ. ಊರು ಶರಾವತಿಯ ಉತ್ತರ ದಡದಲ್ಲಿದೆ, ಕಾಸರಕೋಡು ದಕ್ಷಿಣ ದಡದಲ್ಲಿ, ನಡುವೆ ಹೆದ್ದಾರಿ ಸೇತುವೆ. ಉಳಿದುಕೊಳ್ಳಲು ಕಾಸರಕೋಡು ಬದಿಯೇ ವಾಸಿ. ಅಲ್ಲಿನ ಇಕೋ ಬೀಚಿಗೆ 2020ರಲ್ಲಿ ಪಡುಬಿದ್ರಿಯ ಜೊತೆಗೇ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಮಾನ್ಯತೆ, ಸಿಕ್ಕಿತು. ಬಾವುಟದ ಮಾತು ಬಿಡಿ, ವಯಸ್ಸಾದವರಿಗೆ ಮುಖ್ಯ ಏನಂದರೆ ಮರಳಲ್ಲಿ ಕಾಲು ಹೂತುಕೊಂಡು ನಡೆಯದೆ ಸಮುದ್ರದ ಹತ್ತಿರ ಕೂರಬಹುದು, ಶೌಚಾಲಯ ಇದೆ.

ಅಲ್ಲೇ ಹತ್ತಿರ ಕಾಂಡ್ಲಾ ಕಾಡಿನೊಳಗೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಮ್ಯಾಂಗ್ರೋವ್ ಅಂತ ಬೋರ್ಡಲ್ಲಿ ಇರುತ್ತೆ, ನಮಗದು ಕಾಂಡ್ಲಾ. ಮಗನಿಗೆ ಎರಡು ಸಲ ತೋರಿಸಿ. ಇಳಿತದಲ್ಲಿ ಹೋದರೆ ಕೆಸರಿಂದ ಎದ್ದಿರುವ ಉಸಿರಾಟದ ಬೇರು, ಏಡಿ, ಕೆಸರ ಮೇಲೆ ಜಿಗಿಯುವ ಮೀನು. ಭರತದಲ್ಲಿ ಅದೇ ಬೇರೆಲ್ಲ ಮುಳುಗಿ ನೀರು ಹಲಗೆಯ ಕೆಳಗೇ ಬಂದಿರುತ್ತದೆ. ಕೆಲವು ಕಾಂಡ್ಲಾ ಮರದಲ್ಲಿ ಬೀಜ ಮರದ ಮೇಲೇ ಮೊಳೆತು, ನುಗ್ಗೆಕಾಯಿ ಹಾಗೆ ಜೋತು ಬಿದ್ದಿರುತ್ತದೆ. ಉದುರಿದರೆ ಸೀದಾ ಕೆಸರಿಗೆ ಚುಚ್ಚಿಕೊಂಡು ಗಿಡವಾಗುತ್ತದೆ, ಇಲ್ಲವಾದರೆ ತೇಲುತ್ತಾ ಹೋಗಿ ಬೇರೆ ಕಡೆ ಬೇರು ಬಿಡುತ್ತದೆ. ಚಿಕ್ಕವರಿದ್ದಾಗ ಅದನ್ನು ಈಟಿ ಅಂತ ಎಸೆದು ಆಡುತ್ತಿದ್ದೆವು, ಈಗ ಹಾಗೆ ಮಾಡಿದರೆ ಕಾವಲಿನವರು ಬೈತಾರೆ, ಬೈಬೇಕಾದ್ದೇ. ದಾರಿ ಕೆಲವೊಮ್ಮೆ ರಿಪೇರಿಗೆ ಮುಚ್ಚಿರುತ್ತದೆ, ಉಳಿದುಕೊಳ್ಳುವ ಕಡೆ ಮೊದಲೇ ಕೇಳಿಕೊಳ್ಳಿ.

ಕುಮಟಾದಿಂದ ಒಬ್ಬರು:

ಅಕ್ಕ ಹೇಳಿದ್ದೆಲ್ಲ ಸರಿ. ಆದರೆ ಹೊನ್ನಾವರದವರು ಹೇಳದ ಒಂದು ವಿಷಯ ನಾನು ಹೇಳುತ್ತೇನೆ. ಶರಾವತಿ ಕಟ್ಟಿಹಾಕಿದ ಹೊಳೆ. ನೀವು ಜೋಗದ ಮೇಲೆ ಬರುತ್ತೀರಲ್ಲ, ಡಿಸೆಂಬರಲ್ಲಿ ಅಲ್ಲಿ ಬಂಡೆ ಜಾಸ್ತಿ, ನೀರು ಕಡಿಮೆ, ಮಗನಿಗೆ ಮೊದಲೇ ಹೇಳಿಡಿ. ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ. ಅಲ್ಲಿಂದ ಕರೆಂಟ್ ಮಾಡಿಕೊಂಡು ಕೆಳಗೆ ಬಿಡುತ್ತಾರೆ, ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, ಅಲ್ಲೂ ಕರೆಂಟ್. ಆಮೇಲೆ ಹೊನ್ನಾವರಕ್ಕೆ. ಅಂದರೆ ಜೋಗದಲ್ಲಿ ಕಾಣದ ನೀರು ಹೊನ್ನಾವರದಲ್ಲಿ ಕಾಣುತ್ತದೆ. ಬೇಸಿಗೆಯಲ್ಲೂ ಹೀಗೆ ಸಿಹಿನೀರು ಬರುತ್ತಲೇ ಇರುವುದರಿಂದ ಅಳಿವೆಯ ಉಪ್ಪು ಕಡಿಮೆಯಾಗಿ, ಅಲ್ಲಿ ಹಿಂದೆ ಸಿಗುತ್ತಿದ್ದಷ್ಟು ಬೆಳಚು ಈಗಿಲ್ಲ. ಬೆಳಚು ಅಂದರೆ ಚಿಪ್ಪುಮೀನು, ನಮ್ಮ ಕಡೆಯವರ ಪ್ರಾಣ.

ಇಲ್ಲೇ 20 ಕಿಲೋಮೀಟರ್ ಉತ್ತರಕ್ಕೆ ನಮ್ಮ ಅಘನಾಶಿನಿಗೆ ಅಣೆಕಟ್ಟೇ ಇಲ್ಲ. ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಲ್ಲಿ ನಿಂತು ಬೆಳಚು ಹೆಕ್ಕುವ ಹೆಂಗಸರನ್ನು ನೋಡಬೇಕಾದರೆ ಒಂದು ಬೆಳಿಗ್ಗೆ ಈ ಕಡೆ ಬನ್ನಿ. ಗಜನಿ ಗದ್ದೆಯೂ ಇದೆ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಜಾಗ. 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದಾರೆ. ಎರಡು ಹೊಳೆ, ಎರಡು ಅಳಿವೆ, ಒಂದು ಕಟ್ಟಿದ್ದು ಒಂದು ಬಿಟ್ಟಿದ್ದು. ಮಗನಿಗೆ ಇದಕ್ಕಿಂತ ಪಾಠ ಬೇಕಾ?

ಹೊನ್ನಾವರದವಳು, ಈಗ ಪುಣೆಯಲ್ಲಿ:

ಕುಮಟೆಯವರು ಬಂದರು ಅಂದರೆ ಅಘನಾಶಿನಿ ಬಂತು ಅಂತಲೇ ಅರ್ಥ 😀 ಆದರೆ ಬೆಳಚಿನ ವಿಷಯ ಅವರು ಹೇಳಿದ್ದು ನಿಜ. ನನ್ನ ಅಜ್ಜಿ ಮನೆ ಹಿಂದಿನ ಹೊಳೆಯಲ್ಲೇ ಬುಟ್ಟಿ ತುಂಬ ತರುತ್ತಿದ್ದಳು, ಈಗ ಅದೇ ಮನೆಯವರು ಪೇಟೆಯಲ್ಲಿ ಕೊಳ್ಳುತ್ತಾರೆ.

ಬೆಂಗಳೂರಿನಿಂದ, ಹೋದ ಜನವರಿಯಲ್ಲಿ ಹೋಗಿದ್ದವರು:

ನಮ್ಮ ಅನುಭವ ಅಷ್ಟೇನೂ ಚೆನ್ನಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಭಾನುವಾರ ಮಧ್ಯಾಹ್ನ ಬೋಟಿಂಗ್‌ಗೆ ಹೋದೆವು. ಒಂದು ಕಡೆ ಮದುವೆಗೆ ಮುಂಚಿನ ಫೋಟೋ ಶೂಟ್, ಇನ್ನೊಂದು ಕಡೆ ಸ್ಪೀಕರ್ ಹಾಕಿಕೊಂಡ ಬೋಟು, ಮೇಲೆ ಡ್ರೋನ್. ನಮ್ಮ ಬೋಟು ನೀರು ಇಳಿದಾಗ ಮರಳ ದಿಬ್ಬಕ್ಕೆ ಕೂತುಬಿಟ್ಟಿತು, ಬಿಸಿಲಲ್ಲಿ 40 ನಿಮಿಷ. ಲೈಫ್ ಜಾಕೆಟ್ ಕೇಳಿದ್ದಕ್ಕೆ "ಇಲ್ಲಿ ನೀರು ಮೊಣಕಾಲಷ್ಟೇ ಸರ್" ಅಂದ. ಮೊಣಕಾಲಷ್ಟು ಇದ್ದದ್ದಕ್ಕೇ ಅಲ್ವಾ ಸಿಕ್ಕಿಕೊಂಡಿದ್ದು! ಹಾಗಾಗಿ ನೀವು ವಾರದ ದಿನ ಹೋಗಿ, ಬೆಳಿಗ್ಗೆ ಹೋಗಿ, ಜಾಕೆಟ್ ಕೊಡದವರ ದೋಣಿ ಹತ್ತಬೇಡಿ. ದುಡ್ಡು, ಹೊತ್ತು ಎರಡೂ ಹತ್ತುವ ಮೊದಲೇ ಮಾತಾಡಿ.

ಮರುದಿನ ಬೆಳಿಗ್ಗೆ ಏಳಕ್ಕೆ ಬೇರೆಯವರ ಸಣ್ಣ ದೋಣಿಯಲ್ಲಿ ಮಾವಿನಕುರ್ವೆ ಕಡೆ ಹೋದೆವು, ಹೊಳೆ ನಡುವಿನ ದ್ವೀಪದ ಊರು ಅದು. ತೆಂಗಿನ ತೋಟ, ಮಂಜು, ಗರುಡ ಒಂದು ಮೀನು ಎತ್ತಿಕೊಂಡು ಹೋಗಿದ್ದು ನೋಡಿದೆವು. ಅದೇ ಹೊಳೆ ಅಂತ ಹೆಂಡತಿ ನಂಬಲಿಲ್ಲ.

ರೈಲಿನ ಹುಚ್ಚಿನವರೊಬ್ಬರು:

ಇವರಿಗೆ ಕಾರಿದೆ, ಆದರೂ ಬೆಂಗಳೂರಿನವರು ಓದುತ್ತಿದ್ದರೆ: ಕಾರವಾರಕ್ಕೆ ಹೋಗುವ ಪಂಚಗಂಗಾ ರಾತ್ರಿ ರೈಲು ಹಿಡಿಯಿರಿ. ಹೊನ್ನಾವರ ಸ್ಟೇಷನ್ನಿಗೆ ಸ್ವಲ್ಪ ಮುಂಚೆ ಶರಾವತಿ ಸೇತುವೆ ಬರುತ್ತದೆ, 2 ಕಿಲೋಮೀಟರಿಗಿಂತ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಅದಕ್ಕಿಂತ ಉದ್ದದ್ದಿಲ್ಲ. ಎಡಕ್ಕೆ ಕೂತರೆ ಸಮುದ್ರದ ಬದಿ, ಬಲಕ್ಕೆ ಕೂತರೆ ಹೊಳೆ ಮತ್ತು ಘಟ್ಟ. ನಾನು ಪ್ರತಿ ಸಲ ಎಡಕ್ಕೆ ಕೂತು, ಬಲಕ್ಕೆ ಕೂರಬೇಕಿತ್ತು ಅಂದುಕೊಳ್ಳುತ್ತೇನೆ.

ಕಾಸರಕೋಡು ಕಡೆಯವರು:

ಎಚ್ಚರಿಕೆಯ ಮಾತು ಯಾರೂ ಸರಿಯಾಗಿ ಹೇಳಲಿಲ್ಲ. ಅಳಿವೆಯ ಬಾಯಲ್ಲಿ ಸ್ನಾನಕ್ಕೆ ಇಳಿಯಬೇಡಿ, ಮಗನನ್ನೂ ಬಿಡಬೇಡಿ. ಮೇಲೆ ನೀರು ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ಇಳಿತ ಶುರುವಾದ ಮೇಲೆ ಹೊಳೆ, ಸಮುದ್ರ ಎರಡೂ ಒಂದೇ ಕಡೆಗೆ ಎಳೆಯುತ್ತವೆ, ಈಜು ಬರುವವನೂ ಹೊರಗೆ ಹೋಗಿಬಿಡುತ್ತಾನೆ. ಕೆಳಗಿನ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ದಿನಾ ಹೋಗುವ ನಮ್ಮ ದೋಣಿಯವರೇ ದಾರಿ ನೋಡಿಕೊಂಡು ದಾಟುತ್ತಾರೆ. ನೀರಲ್ಲಿ ಆಡಬೇಕು ಅಂದರೆ ಇಕೋ ಬೀಚಿನಲ್ಲಿ, ಜೀವರಕ್ಷಕರು ಇರುವ ಹೊತ್ತಲ್ಲಿ.

ಇನ್ನೊಂದು, ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಾಸರಕೋಡಿನ ಟೊಂಕದ ಬೇಲೆಗೆ, ಅಂದರೆ ಮರಳ ದಂಡೆಗೆ, ಕಡಲಾಮೆ ಮೊಟ್ಟೆ ಇಡಲು ಬರುತ್ತದೆ, ಆಲಿವ್ ರಿಡ್ಲಿ ಜಾತಿಯದು. ಮೊಟ್ಟೆ ಇಟ್ಟ ಜಾಗಕ್ಕೆ ಅರಣ್ಯ ಇಲಾಖೆಯವರು, ಊರವರು ಸೇರಿ ಬೇಲಿ ಕಟ್ಟುತ್ತಾರೆ. ರಾತ್ರಿ ಟಾರ್ಚ್ ಹಿಡಿದು ಹುಡುಕಲು ಹೋಗಬೇಡಿ, ಬೆಳಕು ಕಂಡರೆ ಆಮೆ ಹಾಗೇ ವಾಪಸ್ ಹೋಗುತ್ತದೆ. ಮರಿ ಹೊರಬರಲು ಒಂದೂವರೆ ಎರಡು ತಿಂಗಳು ಬೇಕು. ಮರಿ ನೋಡುವ ಆಸೆ ಇದ್ದರೆ ಫೆಬ್ರವರಿ ಆದಮೇಲೆ ಬನ್ನಿ.

ಅಪ್ಸರಕೊಂಡಕ್ಕೆ ಎಲ್ಲರೂ ಕಳಿಸುತ್ತಾರೆ. ಅಮ್ಮನನ್ನು ಮೆಟ್ಟಿಲು ಇಳಿಸಬೇಡಿ. ಮೇಲಿನ ತೋಟದಲ್ಲಿ ಕೂತರೆ ಸಮುದ್ರ ಕಾಣುತ್ತದೆ, ಅಷ್ಟೇ ಸಾಕು. ಕೆಳಗಿನ ಜಲಪಾತದಲ್ಲಿ ಆ ಹೊತ್ತಿಗೆ ನೀರು ಸಣ್ಣಗೆ ಇರುತ್ತದೆ.

ಶಿರಸಿಯ ಯಕ್ಷಗಾನ ಪ್ರೇಮಿ:

ಸಂಜೆ ಆರರ ಮೇಲೆ ಏನು ಮಾಡ್ತೀರಿ ಅಂತ ಯಾರೂ ಯೋಚಿಸಲಿಲ್ಲ! ಹೊನ್ನಾವರ ತಾಲೂಕು ಅಂದರೆ ಬಡಗುತಿಟ್ಟು ಯಕ್ಷಗಾನದ ಮನೆ. ಗುಣವಂತೆಯ ಕೆರೆಮನೆಯವರ ಇಡಗುಂಜಿ ಮೇಳ ಶುರುವಾಗಿದ್ದು 1934ರಲ್ಲಿ. ಡಿಸೆಂಬರ್ ಅಂದರೆ ಆಟದ, ಅಂದರೆ ಯಕ್ಷಗಾನದ ಕಾಲ, ಎಲ್ಲಾದರೂ ಇದ್ದೇ ಇರುತ್ತದೆ, ಚಹಾ ಅಂಗಡಿಯಲ್ಲಿ ಕೇಳಿದರೆ ಸಾಕು. ಅಮ್ಮನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬೇಕು, ಶಾಲು ಬೇಕು. ಇಡೀ ರಾತ್ರಿ ಕೂರಬೇಕಂತಿಲ್ಲ. ಹಗಲಲ್ಲಿ ಒಮ್ಮೆ ನೀಲ್ಕೋಡಿನ ಕರಿಕಾನಮ್ಮನ ಗುಡ್ಡಕ್ಕೆ ಹೋಗಿ. ದಟ್ಟ ಕಾನಿನ ನೆತ್ತಿಯ ದೇವಸ್ಥಾನ, ಮೇಲಿಂದ ನೋಡಿದರೆ ದೂರದಲ್ಲಿ ಸಮುದ್ರ. ಊಟಕ್ಕೆ ತಂಬುಳಿ, ಅಪ್ಪೆಹುಳಿ ಕೇಳಿ ಹಾಕಿಸಿಕೊಳ್ಳಿ.

ಹಾಂ, ಮೇಡಂ ಟೀಚರ್ ಏನಾದರೂ ಆಗಿದ್ದರೆ ಇದು ಇಷ್ಟವಾಗಬಹುದು: 14ನೇ ಶತಮಾನದಲ್ಲಿ ಈ ಊರಿಗೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿಟ್ಟಿದ್ದಾನೆ.

ದಾವಣಗೆರೆಯಿಂದ ಕೇಳಿದ್ದವಳು:

ಟೀಚರೇ, ಹೇಗೆ ಗೊತ್ತಾಯ್ತು? ಹೋಗಿ ಬಂದೆವು. ಎಲ್ಲರಿಗೂ ಲೆಕ್ಕ ಒಪ್ಪಿಸುತ್ತೇನೆ.

ಜೋಗದಲ್ಲಿ ಮಗ "ನೀರೆಲ್ಲಿ?" ಅಂದ, ಮುಂದೆ ಸಿಗುತ್ತೆ ಬಾ ಅಂದೆ. ಭರತದ ಹೊತ್ತು ಮೊಬೈಲಲ್ಲಿ ನೋಡಿಕೊಂಡು ಹೋದರೂ ಮೊದಲ ದಿನ ತಪ್ಪಿತು. ಅದು ಕಾರವಾರ ಬಂದರಿನ ಹೊತ್ತಂತೆ. ಹೊಳೆಯೊಳಗೆ ನೀರು ಏರಲು ಇನ್ನೂ ತಡವಾಗುತ್ತದೆ, ಮೇಲೆ ಹೋದಷ್ಟೂ ಜಾಸ್ತಿ ತಡ ಅಂತ ದೋಣಿಯವರು ಹೇಳಿದರು. ಮುಂದೆ ಹೋಗುವವರು ಆ್ಯಪ್ ನೋಡಿ, ಆದರೆ ದೋಣಿಯವರನ್ನೇ ಕೇಳಿ. ಎರಡನೇ ದಿನ ಬೆಳಿಗ್ಗೆ ಸರಿಯಾದ ಹೊತ್ತಿಗೆ ಹೊರಟೆವು. ಕಾಂಡ್ಲಾ ದಾರಿಗೆ ಎರಡು ಸಲ ಹೋದೆವು, ಎರಡನೇ ಸಲ ಮಗನೇ ಎಳೆದುಕೊಂಡು ಹೋದ. ಆಟ ಒಂದು ಸಿಕ್ಕಿತು, ಹನ್ನೊಂದಕ್ಕೆ ಎದ್ದು ಬರೋಣ ಅಂದುಕೊಂಡಿದ್ದು ಎರಡು ಗಂಟೆ ಆಯ್ತು, ಏಳಲು ಒಪ್ಪದವರು ಅಮ್ಮನೇ. ಕರಿಕಾನಮ್ಮ ಬಿಟ್ಟುಹೋಯಿತು. ಅಘನಾಶಿನಿಗೂ ಆಗಲಿಲ್ಲ, ಕುಮಟೆಯವರು ಕ್ಷಮಿಸಬೇಕು.

ಅಮ್ಮ ದೋಣಿಯಲ್ಲಿ ಅಳಿವೆ ಹತ್ತಿರ ಬಂದಾಗ ಕೈ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು. "ಇನ್ನೂ ಪೂರ್ತಿ ಉಪ್ಪಾಗಿಲ್ಲ" ಅಂದರು. ದೋಣಿಯವರು ನಕ್ಕು, ಇನ್ನೊಂದು ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, "ಈಗ ನೋಡಿ ಅಮ್ಮಾ" ಅಂದರು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಅಮ್ಮ ಪೇಟೆಯಲ್ಲಿ ಅರ್ಧ ಕೇಜಿ ಒಣ ಮುರುಗಲು (ಕೋಕಂ) ಸಿಪ್ಪೆ ಕೊಂಡಿದ್ದಾರೆ, ಅಂಗಡಿಯವರು ಹೇಳಿದ್ದು ಇಬ್ಬರಿಗೂ ಮರೆತಿದೆ. ಏನು ಮಾಡೋದು?

ಹೊನ್ನಾವರದವಳು, ಈಗ ಪುಣೆಯಲ್ಲಿ:

ನಾಲ್ಕು ಸಿಪ್ಪೆ ಬಿಸಿನೀರಲ್ಲಿ ನೆನೆಹಾಕಿ, ಹಿಂಡಿ, ಉಪ್ಪು, ಚೂರು ಬೆಲ್ಲ, ಹಸಿಮೆಣಸು. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ. ಬೇಯಿಸುವುದು ಬೇಡ. ಅನ್ನಕ್ಕೂ ಆಗುತ್ತೆ, ಹಾಗೇ ಕುಡಿಯಲೂ ಆಗುತ್ತೆ. ಬಟ್ಟೆಗೆ ತಾಗಿದರೆ ಕಲೆ ಹೋಗೋದಿಲ್ಲ, ಜೋಪಾನ.