ಸಹಾಯ ಬೇಕು: ಮನೆಮಂದಿ ಓಡಾಡೋ ಕಾರಿಗೆ ಕ್ರೆಟಾ ಎನ್ ಲೈನ್ ಸರಿ ಹೋಗುತ್ತಾ?

ಎಲ್ಲರಿಗೂ ನಮಸ್ಕಾರ. ಹೊಸ ಕಾರು ತಗೊಳ್ಳಬೇಕು ಅಂತಿದ್ದೇನೆ. ಹ್ಯುಂಡೈನ ಮಾಮೂಲಿ ಕ್ರೆಟಾ 1.5 ಪೆಟ್ರೋಲಾ, ಅದರ ಸ್ಪೋರ್ಟಿ ಮಾದರಿ ಎನ್ ಲೈನಾ ಅಂತ ತೀರ್ಮಾನಿಸಲು ಆಗುತ್ತಿಲ್ಲ.

ನಾವು ಐದು ಜನ. ವಾರವಿಡೀ ಬೆಂಗಳೂರಿನ ಟ್ರಾಫಿಕ್, ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಪುತ್ತೂರು. ವಾಪಸ್ ಬರುವಾಗ ಡಿಕ್ಕಿ ತುಂಬಾ ತೆಂಗಿನಕಾಯಿ, ಹಲಸು. ಏರಿನಲ್ಲಿ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡರೆ ಈಗಿನ ಕಾರು ಎಳೆಯುವುದೇ ಇಲ್ಲ. ಎರಡನೇ ಗೇರ್‌ಗೆ ಹಾಕಿ ಕಾಯಬೇಕು. ಓವರ್‌ಟೇಕ್ ಮಾಡಲು ನಿಜವಾಗಲೂ ಭಯ ಆಗುತ್ತೆ.

ಮಾಮೂಲಿ ಎಂಜಿನ್ 115 ಪಿಎಸ್ (ಶಕ್ತಿ), 144 ಎನ್‌ಎಂ (ಎಳೆಯುವ ಬಲ). ಎನ್ ಲೈನ್ ಟರ್ಬೊ 160 ಪಿಎಸ್, 253 ಎನ್‌ಎಂ. ಟೆಸ್ಟ್ ಡ್ರೈವ್‌ನಲ್ಲಿ ಕಾಲಿಟ್ಟ ಕೂಡಲೇ ಓಡಿತು, ನನಗಂತೂ ತುಂಬಾ ಹಿಡಿಸಿತು. ಆದರೆ ಸಸ್ಪೆನ್ಷನ್ ಸ್ವಲ್ಪ ಗಟ್ಟಿ, ಚಕ್ರ 18 ಇಂಚು. ಒಂದು ಹಂಪ್ ಹಾರಿದಾಗ ಹಿಂದೆ ಕೂತಿದ್ದ ಅಮ್ಮ ಮುಂದಿನ ಸೀಟು ಹಿಡಿದುಕೊಂಡು "ಮೆಲ್ಲ ಹೋಗು ಮಾರಾಯ" ಅಂದರು. ಅವರಿಗೆ ಮೊದಲೇ ಸೊಂಟನೋವು. ಅಲ್ಲಿಂದ ನನ್ನ ಲೆಕ್ಕಾಚಾರವೇ ಬದಲಾಯಿತು.

ಇದೇ ಟರ್ಬೊ ಮಾಮೂಲಿ ಕ್ರೆಟಾದಲ್ಲೂ ಇದೆ, ಆದರೆ ಡಿಸಿಟಿ (ಆಟೊಮ್ಯಾಟಿಕ್ ಗೇರ್) ಮಾತ್ರ. ನನಗೆ ಮ್ಯಾನುಯಲ್ ಬೇಕು. ಅದು ಇರೋದು ಎನ್ ಲೈನ್‌ನಲ್ಲೇ.

ಎನ್ ಲೈನ್ ಇಟ್ಟುಕೊಂಡವರು ದಯವಿಟ್ಟು ಹೇಳಿ. ವಯಸ್ಸಾದವರು ಹಿಂದೆ ಕೂತು ಏಳೆಂಟು ಗಂಟೆ ಬರಬಹುದಾ? ಟೈರ್ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಕುಲುಕಾಟ ತಗ್ಗುತ್ತಾ, ಅಥವಾ ಅದು ಅಪಾಯವಾ? ಸಿಟಿಯಲ್ಲಿ ಮೈಲೇಜ್ ಎಷ್ಟು ಬರುತ್ತಿದೆ? ಇದೇ ತಿಂಗಳು ಬುಕ್ ಮಾಡಬೇಕು.