ಫ್ಲಾಸ್ಕಿನಿಂದ ತೆಗೆದ ಫಲೆನಾಪ್ಸಿಸ್ ಸಸಿಗಳು ಐದು ತಿಂಗಳಾದರೂ ಬೆಳೆಯುತ್ತಿಲ್ಲ

ಪ್ರಶ್ನೆ: ಐದು ತಿಂಗಳ ಹಿಂದೆ ಫ್ಲಾಸ್ಕಿನಿಂದ, ಅಂದರೆ ಬೀಜದಿಂದ ಸಸಿ ಬೆಳೆಸುವ ಮುಚ್ಚಿದ ಸೀಸೆಯಿಂದ, ತೆಗೆದು ನೆಟ್ಟ 14 ಫಲೆನಾಪ್ಸಿಸ್ ಆರ್ಕಿಡ್ ಸಸಿಗಳು ನನ್ನಲ್ಲಿವೆ. ಎಲೆಗಳು ಈಗಲೂ 3 ಸೆಂ.ಮೀ. ದಾಟಿಲ್ಲ, ಇಷ್ಟು ದಿನಗಳಲ್ಲಿ ಬಂದದ್ದು ತಲಾ ಒಂದು ಹೊಸ ಎಲೆ, ಅದೂ ಹಳೆಯದಕ್ಕಿಂತ ಚಿಕ್ಕದು. 4 ಇಂಚಿನ ಕುಂಡಗಳಲ್ಲಿ ಸ್ಫ್ಯಾಗ್ನಮ್ ಪಾಚಿಯನ್ನು ಒತ್ತಿ ತುಂಬಿ ಒಂದೊಂದೇ ಸಸಿ ನೆಟ್ಟಿದ್ದೇನೆ. ದಿನ ಬಿಟ್ಟು ದಿನ ನೀರು, ವಾರಕ್ಕೊಮ್ಮೆ 20-20-20 (ಸಾರಜನಕ, ರಂಜಕ, ಪೊಟ್ಯಾಶ್ ಸಮವಾಗಿರುವ) ಗೊಬ್ಬರ ಕೊಡುತ್ತಿದ್ದೇನೆ. ಗೊಬ್ಬರವನ್ನು ಇನ್ನೂ ಹೆಚ್ಚಿಸಬೇಕೇ?

ಉತ್ತರ: ದಯವಿಟ್ಟು ಹೆಚ್ಚಿಸಬೇಡಿ. ಫಲೆನಾಪ್ಸಿಸ್ ನಿಧಾನದ ಗಿಡವೇ ಹೌದು, ಫ್ಲಾಸ್ಕಿನಿಂದ ಹೊರಬಂದ ಮೇಲೆ ಹೂ ಬಿಡಲು ಸಾಮಾನ್ಯವಾಗಿ ಎರಡು ಮೂರು ವರ್ಷ ಹಿಡಿಯುತ್ತದೆ. ಆದರೆ ಆರೋಗ್ಯವಾಗಿರುವ ಸಸಿಯಲ್ಲಿ ಹೊಸ ಎಲೆ ಹಿಂದಿನದಕ್ಕಿಂತ ದೊಡ್ಡದಾಗಿರುತ್ತದೆ. ನಿಮ್ಮಲ್ಲಿ ಚಿಕ್ಕದಾಗಿದೆ ಎಂದಾಗ ನನ್ನ ಅನುಮಾನ ಮೊದಲು ಹೋಗುವುದು ಬೇರಿನ ಕಡೆಗೆ. ಫ್ಲಾಸ್ಕಿನ ತೇವದಲ್ಲಿ ಹುಟ್ಟಿದ ಬೇರುಗಳು ಹೊರಗಿನ ವಾತಾವರಣಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಹೊರಗೆ ಬಂದ ಮೇಲೆ ಮೂಡುವ ಬೇರುಗಳೇ ಸಸಿಯನ್ನು ಸಾಕಬೇಕು. ಅವುಗಳನ್ನು ಸುತ್ತುವರಿದ ವೆಲಾಮೆನ್ ಎಂಬ ಸ್ಪಂಜಿನಂತಹ ಪದರಕ್ಕೆ ನೀರಿನ ಜೊತೆಗೆ ಗಾಳಿಯೂ ಬೇಕು, ಮತ್ತು ದೊಡ್ಡ ಕುಂಡದಲ್ಲಿ ಒತ್ತಿ ತುಂಬಿದ ಪಾಚಿಯೊಳಗೆ ಗಾಳಿಗೆ ಜಾಗವಿರುವುದಿಲ್ಲ.

ಒಂದು ಸಸಿಯನ್ನು ಮೆಲ್ಲನೆ ಹೊರತೆಗೆದು ನೋಡಿ. ಒಣಗಿದಾಗ ಬೆಳ್ಳಿಬಣ್ಣಕ್ಕಿರುವ ಬೇರು ನೀರು ತಾಗಿದೊಡನೆ ಹಸಿರಾದರೆ ಅದು ಜೀವಂತವಾಗಿದೆ. ಬೆರಳಲ್ಲಿ ಹಿಡಿದೆಳೆದಾಗ ಮೇಲಿನ ಪದರ ಜಾರಿಬಂದು ಒಳಗಿನ ದಾರದಂತಹ ನಾರು ಮಾತ್ರ ಉಳಿದರೆ ಕೊಳೆತಿದೆ. ಬುಡದಲ್ಲಿ ಅಗರ್ (ಫ್ಲಾಸ್ಕಿನಲ್ಲಿ ಸಸಿ ಬೆಳೆದ ಜೆಲ್ಲಿ) ಉಳಿದಿದೆಯೇ ಎಂಬುದನ್ನೂ ಗಮನಿಸಿ. ಅದರಲ್ಲಿರುವ ಸಕ್ಕರೆಯಿಂದ ಬೂಷ್ಟು ಬೇಗ ಹಿಡಿಯುತ್ತದೆ.

ಪ್ರಶ್ನಿಸಿದವರು: ನೋಡಿದೆ. ಮೇಲಿನ ಪಾಚಿ ಒಣಗಿ ಗರಿಗರಿಯಾಗಿತ್ತು, ನಡುವಿನದನ್ನು ಹಿಂಡಿದರೆ ನೀರು ಸುರಿಯಿತು. ಆರು ಬೇರುಗಳಲ್ಲಿ ನಾಲ್ಕು ಕಂದು, ಎರಡು ಗಟ್ಟಿ. ಅಗರ್ ಇರಲಿಲ್ಲ, ಆದರೆ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿತ್ತು.

ಉತ್ತರ: ಆ ಬಿಳಿ ಪುಡಿ ಗೊಬ್ಬರದ ಮತ್ತು ನೀರಿನ ಲವಣ, ಅದು ಹೆಚ್ಚಾದರೆ ಬೇರಿನ ತುದಿಯನ್ನು ಸುಡುತ್ತದೆ. ನಡುವಿನ ಪಾಚಿಯ ತೇವ ನೋಡದೆ ದಿನ ಬಿಟ್ಟು ದಿನ ನೀರು ಹಾಕಿದ್ದರಿಂದ ನಾವೆಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಇಲ್ಲೂ ಆಗಿದೆ. ಎರಡು ಗಟ್ಟಿ ಬೇರುಗಳಿದ್ದರೆ ಸಸಿ ಚೇತರಿಸಿಕೊಳ್ಳಬಲ್ಲದು. ಕೊಳೆತದ್ದನ್ನು ಶುದ್ಧವಾದ ಕತ್ತರಿಯಿಂದ ತೆಗೆದು, 2 ಇಂಚಿನ ಕುಂಡದಲ್ಲಿ ಹೊಸ ಪಾಚಿಯನ್ನು ಸಡಿಲವಾಗಿ ತುಂಬಿ ನೆಡಿ. ಹಸಿರು ತುದಿಯ ಹೊಸ ಬೇರು ಕಾಣುವವರೆಗೆ ಗೊಬ್ಬರ ಬೇಡ. ಆಮೇಲೂ ಡಬ್ಬಿಯ ಮೇಲೆ ಹೇಳಿದ್ದರ ಕಾಲು ಭಾಗ ಸಾಕು. ರಾತ್ರಿಯ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವಲ್ಲಿ ಇಡಬೇಡಿ. ಬಲಿತ ಎಲೆ ಇನ್ನು ಹಿಗ್ಗುವುದಿಲ್ಲ, ಆದ್ದರಿಂದ ಅಳೆಯುವುದಾದರೆ ಮುಂದೆ ಬರುವ ಎಲೆಯನ್ನು ಅಳೆಯಿರಿ.