ಸಹಾಯ ಬೇಕು: ಅಪ್ಪ-ಅಮ್ಮನ ಕಾಶಿಯಾತ್ರೆಗೆ ಯಾವ ಹೊತ್ತಿನ ವಿಮಾನ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಅಪ್ಪ-ಅಮ್ಮನನ್ನು ಮೈಸೂರಿನಿಂದ ಕಾಶಿಗೆ ಕರೆದುಕೊಂಡು ಹೋಗಬೇಕು. ಇಬ್ಬರಿಗೂ ಎಪ್ಪತ್ತು ದಾಟಿದೆ, ಅಪ್ಪನಿಗೆ ಮಂಡಿನೋವು ಬೇರೆ. ಅಷ್ಟು ದೂರ ರೈಲಿನಲ್ಲಿ ಕೂರುವುದು ಅವರ ಕೈಲಿ ಆಗದು.

ಬೆಂಗಳೂರಿನಿಂದ ವಾರಾಣಸಿಗೆ ಆಕಾಶಮಾರ್ಗದಲ್ಲಿ ಸುಮಾರು 1,500 ಕಿ.ಮೀ., ನೇರ ವಿಮಾನವಾದರೆ ಎರಡೂವರೆ ಗಂಟೆ ಚಿಲ್ಲರೆ. ದೆಹಲಿ ಸುತ್ತಿಕೊಂಡು ಹೋದರೆ ದೂರವೇ 2,400 ಕಿ.ಮೀ. ಹತ್ತಿರವಾಗುತ್ತದೆ, ನಡುವೆ ಕಾಯುವುದು ಬೇರೆ. ಟಿಕೆಟ್ ಸ್ವಲ್ಪ ದುಬಾರಿಯಾದರೂ ನೇರ ವಿಮಾನವೇ ಸರಿ ಅಂತ ತೀರ್ಮಾನಿಸಿದ್ದೇನೆ.

ಆದರೆ ಮೈಸೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ 180 ಕಿ.ಮೀ. ಫ್ಲೈಬಸ್‌ನಲ್ಲಿ ನಾಲ್ಕು ಗಂಟೆಯಾದರೂ ಬೇಕು, ಅಂದರೆ ಹಾರುವುದಕ್ಕಿಂತ ರಸ್ತೆಯಲ್ಲೇ ಹೆಚ್ಚು ಹೊತ್ತು. ಬೆಳಗಿನ ವಿಮಾನ ಹಿಡಿದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಜನವರಿಯಲ್ಲಿ ಕಾಶಿಯಲ್ಲಿ ಮಂಜು ದಟ್ಟವಾಗಿರುವುದರಿಂದ ಬೆಳಗಿನ ವಿಮಾನಗಳು ತಡವಾಗುವುದೂ ಉಂಟು. ಮಧ್ಯಾಹ್ನದ್ದು ಹಿಡಿದರೆ ಕತ್ತಲಾಗುವಷ್ಟರಲ್ಲಿ ರೂಮು ಸೇರಬಹುದೇ? ಬಾಬತ್‌ಪುರದ ನಿಲ್ದಾಣದಿಂದ ಊರಿಗೆ ಸುಮಾರು 25 ಕಿ.ಮೀ. ಇದೆ, ಸಂಜೆ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ?

ಇನ್ನೊಂದು ಮಾತು. ವಿಶ್ವನಾಥನ ದೇವಸ್ಥಾನದ ಹತ್ತಿರದ ಗೋದೌಲಿಯಾ ವೃತ್ತದಿಂದ ಮುಂದೆ ಗಲ್ಲಿಗಳಲ್ಲಿ ಕಾರು ಹೋಗುವುದಿಲ್ಲವಲ್ಲ, ಅಪ್ಪನಿಗೆ ದೇವಸ್ಥಾನದ ತನಕ ಗಾಲಿಕುರ್ಚಿ ಸಿಗುತ್ತದೆಯೇ? ವಿಮಾನ ನಿಲ್ದಾಣದ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳುತ್ತೇನೆ, ಅದರ ಚಿಂತೆಯಿಲ್ಲ.

ಇತ್ತೀಚೆಗೆ ಹಿರಿಯರನ್ನು ಕರೆದುಕೊಂಡು ಹೋಗಿಬಂದವರು ದಯವಿಟ್ಟು ತಿಳಿಸಿ. ಈ ವಾರವೇ ಟಿಕೆಟ್ ಮಾಡಿಸಬೇಕು.